ಹಡಗು ಗೌಡರ ಚಾಪೆ

ಕೆರೆ ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಮಣ್ಣಿನ ಏರಿ ಎಂದ ಮೇಲೆ ಒಸಿ ಒಸರಿಯೇ ಒಸರುತ್ತದೆ. ಆ ನೀರು ಕೆಂಪಗಾದರೆ ಮಾತ್ರ ಓಡಬೇಕು. ನೀರು ಏರಿಯ ಹೊಟ್ಟೆಯೊಳಗೆ ಸೇರಿ ಮಣ್ಣು ತಿನ್ನುತ್ತಿದೆ ಎಂದು ಅದರ ಅರ್ಥ.

ಇದನ್ನು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಕಣ್ಣಾರೆ ನೋಡಿದ್ದು ಮಾತ್ರ ಸಹಾಯಕ ಇಂಜಿನಿಯರ್ ಆಗಿ ಚನ್ನಪಟ್ಟಣಕ್ಕೆ ಬಂದ ನಾಲ್ಕನೆಯ ತಿಂಗಳಲ್ಲಿ. ವಾರವಿಡೀ ಮಳೆ ಹಿಡಿದು, ಅವತ್ತು ಬೆಳಿಗ್ಗೆ ತುಸು ಬಿಡುವು ಕೊಟ್ಟಿತ್ತು. ಆರೂವರೆಗೆ ಅಕ್ಕೂರು ಕಡೆಯ ಒಂದು ಕೆರೆಯ ನೀರುಗಂಟಿ ಫೋನ್ ಮಾಡಿದ. ಅಪ್ಪ, ಅಜ್ಜನ ಕಾಲದಿಂದ ಆ ಕೆರೆಯ ನೀರು ಬಿಡುವ ಕೆಲಸ ಅವರ ಮನೆಯದೇ.

"ಮೇಡಂ, ತೂಬಿನ ಹಿಂದ್ಲಿಂದ ನೀರು ಬತ್ತೈತೆ."

"ಯಾವ ಬಣ್ಣ?"

"ಟೀ ಇದ್ದಂಗೈತೆ. ಹಾಲು ಹಾಕಿದ್ ಟೀ."

ನನ್ನ ಜೀಪು ಅರ್ಧ ದಾರಿಯಲ್ಲೇ ನಿಂತಿತು. ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಒಂದು ಟ್ರ್ಯಾಕ್ಟರು ಆ ಕಡೆಯಿಂದ ನೀರು ಸೀಳಿಕೊಂಡು ಬಂತು. "ಹಡಗು ಗೌಡ್ರು ಕಳ್ಸವ್ರೆ, ಹತ್ತಿ ಮೇಡಂ" ಎಂದ ಅದರ ಚಾಲಕ. ಹಡಗು ಗೌಡರು ಯಾರೆಂದು ನನಗೆ ಗೊತ್ತಿರಲಿಲ್ಲ. ಹತ್ತಿದೆ.

ಏರಿಯ ಮೇಲೆ ಆಗಲೇ ಮೂವತ್ತು ನಲವತ್ತು ಜನ ಇದ್ದರು. ಅವರ ನಡುವೆ ಹಳದಿ ಮಳೆಕೋಟು ತೊಟ್ಟು, ಪ್ಯಾಂಟನ್ನು ಮೊಣಕಾಲವರೆಗೆ ಮಡಿಚಿ, ಎಪ್ಪತ್ತು ದಾಟಿದ ಒಬ್ಬ ಎತ್ತರದ ಮನುಷ್ಯ ನಿಂತಿದ್ದರು. ಹಡಗು ಗೌಡರು ಇವರೇ ಎಂದು ಟ್ರ್ಯಾಕ್ಟರಿನವನು ತೋರಿಸಿದ. ನಾನು ಇಳಿಯುವುದರೊಳಗೆ ಬಂದು ಕೈ ಹಿಡಿದು ಇಳಿಸಿ, ಮದುವೆ ಮನೆಯಲ್ಲಿ ಬೀಗರನ್ನು ಪರಿಚಯಿಸುವ ಹಾಗೆ ಶುರು ಮಾಡಿದರು. ಈತ ನೀರುಗಂಟಿ, ನಿಮಗೆ ಗೊತ್ತು. ಇವನು ಕೆರೆ ಮೀನಿನ ಗುತ್ತಿಗೆಯವನು, ಎರಡು ತೆಪ್ಪ ಇವೆ. ಈಯಮ್ಮನ ಮನೆ ಕೋಡಿಯ ಕೆಳಗೆ, ಕಾಲು ನೋವು, ಆದರೂ ಎಲ್ಲರಿಗಿಂತ ಮೊದಲು ಬಂದಿದ್ದಾರೆ.

"ಸರ್, ಮೊದಲು ನೀರು ನೋಡೋಣ" ಎಂದೆ. ದನಿ ಒರಟಾಗಿಯೇ ಬಂದಿರಬೇಕು.

"ಐ ಐ, ಮೇಡಂ" ಎಂದು, ಹಡಗಿನವರು ಅಪ್ಪಣೆ ಒಪ್ಪಿಕೊಳ್ಳುವ ಧಾಟಿಯಲ್ಲಿ, ದಾರಿ ಬಿಟ್ಟರು.

ತೂಬು ಎಂದರೆ ಏರಿಯ ಅಡಿಯಿಂದ ಹೊಲಗಳಿಗೆ ನೀರು ಬಿಡುವ ಕಲ್ಲಿನ ಮೋರಿ. ನೀರು ಮೋರಿಯ ಒಳಗಿನಿಂದ ಬರುತ್ತಿರಲಿಲ್ಲ. ಮೋರಿಯ ಪಕ್ಕದಲ್ಲಿ, ಕಲ್ಲಿಗೂ ಮಣ್ಣಿಗೂ ನಡುವೆ ದಾರಿ ಮಾಡಿಕೊಂಡು ನನ್ನ ತೊಡೆಯ ದಪ್ಪಕ್ಕೆ ನುಗ್ಗುತ್ತಿತ್ತು. ತೂಬಿನ ಬಾಗಿಲು ತೆರೆದು ಕೆರೆಯ ನೀರು ಇಳಿಸೋಣವೆಂದರೆ ಅದನ್ನೆತ್ತುವ ಕಬ್ಬಿಣದ ಸರಳು ಬಾಗಿ ಕಚ್ಚಿಕೊಂಡಿತ್ತು. ಕೋಡಿಯಲ್ಲಿ, ಅಂದರೆ ಹೆಚ್ಚಾದ ನೀರು ತಾನಾಗಿ ಹೊರಬೀಳುವ ಕಡೆ, ಆಗಲೇ ಒಂದು ಅಡಿ ನೀರು ಹೋಗುತ್ತಿತ್ತು. ಮೇಲಿನ ಕೆರೆಗಳಿಂದ ಇನ್ನೂ ಬರುತ್ತಲೇ ಇತ್ತು.

ಏರಿಯ ಕೆಳಗಿನ ಮನೆಯವರನ್ನು ಶಾಲೆಗೆ ಕಳಿಸಲು ಹೇಳಿದೆ. "ಆಗ್ಲೇ ಹೋದ್ರು, ದನಾನೂ ಹೊಡ್ದಾಯ್ತು" ಎಂದ ನೀರುಗಂಟಿ. ಅದನ್ನೂ ಹಡಗು ಗೌಡರೇ ಮಾಡಿಸಿದ್ದರು. ಸೋರುವ ಕಡೆ ಕಾಲುವೆಗೆ ಅಡ್ಡ ಹಲಗೆ ನಿಲ್ಲಿಸಿ ಅಳತೆಗೋಲು ಕಟ್ಟಿದೆ. ಹಲಗೆಯ ಮೇಲೆ ಎಷ್ಟು ಎತ್ತರಕ್ಕೆ ನೀರು ಹರಿಯುತ್ತದೆ ಎಂದು ಕಾಲು ಗಂಟೆಗೊಮ್ಮೆ ಬರೆದುಕೊಳ್ಳುವುದು. ಅರ್ಧ ಗಂಟೆಗೊಮ್ಮೆ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಆ ನೀರು ಹಿಡಿದು, ಗಂಟೆ ಬರೆದು, ಏರಿಯ ಮೇಲೆ ಸಾಲಾಗಿ ಇಡುವುದು. ಬಣ್ಣ ಕೆಡುತ್ತಿದೆಯೋ ತಿಳಿಯಾಗುತ್ತಿದೆಯೋ ಯಾರು ಬೇಕಾದರೂ ನೋಡಬಹುದು.

ಮೇಲಧಿಕಾರಿಗೆ ಫೋನ್ ಮಾಡಿದೆ. ಮಾಗಡಿ ಕಡೆ ಒಂದು ಕೆರೆ ಬೆಳಗಿನ ಜಾವ ಒಡೆದಿತ್ತು. ಅವರು ಅಲ್ಲಿ ಸೊಂಟದ ಮಟ್ಟ ನೀರಿನಲ್ಲಿದ್ದರು. "ಮರಳು, ಜಲ್ಲಿ ಹಾಕಿ ಸೋಸಿ ಬಿಡಿ. ತಡೆಯದಿದ್ದರೆ ಜೆಸಿಬಿಯಿಂದ ಕೋಡಿಯ ಪಕ್ಕ ಕಡಿಸಿ ನೀರಿಳಿಸಿ. ಏರಿ ಹೋಗಬಾರದು. ತೀರ್ಮಾನ ನಿಮ್ಮದು" ಎಂದರು. ಮಾತು ಅಲ್ಲಿಗೇ ಕಡಿಯಿತು.

ಸೋರುವ ನೀರಿಗೆ ಹೊರಗಿನಿಂದ ಬಿರಡೆ ಹಾಕಬಾರದು. ಹಾಕಿದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಸುತ್ತ ಮೂಟೆ ಕಟ್ಟಿ, ಒಳಗೆ ಮರಳು, ಮೇಲೆ ಜಲ್ಲಿ ಹಾಕಿ, ನೀರು ಹೋಗಲಿ, ಮಣ್ಣು ಮಾತ್ರ ನಿಲ್ಲಲಿ ಎಂದು ಸೋಸುಗಟ್ಟೆ ಮಾಡಬೇಕು. ಮರಳಿನ ಲಾರಿ ಹಳ್ಳದ ಆಚೆ ಸಿಕ್ಕಿಕೊಂಡಿತ್ತು. ಟ್ರ್ಯಾಕ್ಟರುಗಳು ಎಂಟು ಸಲ ಹೋಗಿ ಹೊತ್ತು ತಂದವು. ಹಡಗು ಗೌಡರು ಮೂಟೆ ಸಾಗಿಸುವ ಸಾಲಿನ ನಡುವೆ ನಿಂತು, ಪ್ರತಿ ಮೂಟೆಗೂ ಯಾರಿಗಾದರೂ ಒಂದು ಮಾತು ಅಂಟಿಸಿ ಮುಂದಕ್ಕೆ ಕಳಿಸುತ್ತಿದ್ದರು. "ನಿನ್ ತಂಗಿಗೆ ಗಂಡು ಒಪ್ಗೆ ಆಯ್ತೇನ್ಲಾ?" "ಮೊಳಕಾಲು ಬಗ್ಸಿ ಎತ್ತು ಕಣ್ಲಾ, ಸೊಂಟ ಬಗ್ಸಬ್ಯಾಡ." ಇಷ್ಟು ಹರಟೆ ಹೊಡೆಯುವ ಮನುಷ್ಯನನ್ನು ಯಾರು ಇಲ್ಲಿ ಬಿಟ್ಟರೋ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ನೌಕಾಪಡೆಯಲ್ಲಿ ಇಡೀ ವಯಸ್ಸು ಕಳೆದು ಕಮಾಂಡರ್ ಆಗಿ ನಿವೃತ್ತರಾಗಿ, ಅಕ್ಕೂರಿನ ಹಿಪ್ಪುನೇರಳೆ ತೋಟಕ್ಕೆ ಬಂದವರು ಎಂದು ಟ್ರ್ಯಾಕ್ಟರಿನವನಿಂದ ಗೊತ್ತಾಯಿತು. "ಬೊಂಬಾಯಿ, ವೈಜಾಗು, ಕೊಚ್ಚಿ ಎಲ್ಲೋದ್ರೂ ನಮ್ ಕಡೆಯೋನು ಒಬ್ಬ ಸಿಕ್ಕೇ ಸಿಕ್ತಾನೆ ಅವ್ರಿಗೆ. ಹಡಗಲ್ಲಿ ಪಂಜಾಬಿಗಳಿಗೆ ಮುದ್ದೆ ನುಂಗದು ಕಲ್ಸಿದ್ರಂತೆ."

ಸೋಸುಗಟ್ಟೆ ಒಂಬತ್ತೂವರೆಗೆ ಮುಗಿಯಿತು. ಬಾಟಲಿಯ ನೀರು ಒಂದಿಷ್ಟು ತಿಳಿಯಾಯಿತು. ನಾನು ಉಸಿರು ಬಿಟ್ಟೆ. ಹತ್ತೂಕಾಲಿಗೆ ಇಡೀ ಕಟ್ಟೆ ಒಮ್ಮೆ ಕೆಮ್ಮಿದ ಹಾಗೆ ಎದ್ದು ಕುಳಿತು, ಮಗ್ಗುಲಲ್ಲೇ ಕೆಂಪು ನೀರು ಚಿಮ್ಮಿತು. ಅದೇ ಹೊತ್ತಿಗೆ ಮೇಲಿನಿಂದ ಮೀನಿನವನು ಕೂಗಿದ.

"ಸುಳಿ! ಸುಳಿ ಬಿದ್ದೈತೆ!"

ಕೆರೆಯ ಒಳಬದಿಯಲ್ಲಿ, ದಡದಿಂದ ಹದಿನೈದು ಅಡಿ ದೂರ, ನೀರಿನ ಮೇಲೆ ಬಟ್ಟಲಷ್ಟು ಗುಳಿ ಬಿದ್ದು ತಿರುಗುತ್ತಿತ್ತು. ಒಂದು ತೆಂಗಿನ ಗರಿ ಬಂದು, ಎರಡು ಸುತ್ತು ಸುತ್ತಿ, ನೆಟ್ಟಗೆ ನಿಂತು ಒಳಗೆ ಹೋಯಿತು. ಕೆರೆಯ ಕಡೆಯಿಂದಲೇ ಬಾಯಿ ತೆರೆದಿತ್ತು. ಆ ಸುಳಿಗೆ ಮಣ್ಣಿನ ಮೂಟೆಗಳನ್ನು ಎಸೆಸಿದೆ. ಇಪ್ಪತ್ತು ಮೂಟೆಗಳಲ್ಲಿ ಕೆಲವು ಎಲ್ಲೋ ಜಾರಿದವು, ಕೆಲವನ್ನು ಅದು ನುಂಗಿತು. ಒಂದು ಹರಿದ ಚೀಲ ಈ ಕಡೆಯ ಕಾಲುವೆಯಲ್ಲಿ ತೇಲಿ ಬಂತು.

ಇನ್ನು ಉಳಿದದ್ದು ಜೆಸಿಬಿ. ಅದು ಕೋಡಿಯ ಬಳಿ ಬಂದು ನಿಂತಿತ್ತು. ಅಲ್ಲಿ ಕಡಿದರೆ ಕೆರೆ ಬೇಗ ಇಳಿಯುತ್ತದೆ, ಏರಿ ಉಳಿಯುತ್ತದೆ. ಆದರೆ ಕೋಡಿಯ ಕೆಳಗಿನ ಎರಡು ಸಾಲು ಮನೆಗಳು, ರೇಷ್ಮೆ ಹುಳು ಸಾಕುವ ಶೆಡ್ಡುಗಳು, ತೋಟಗಳು ಹೋಗುತ್ತವೆ. ಆ ಮನೆಗಳವರೇ ಬೆಳಗಿನಿಂದ ನನ್ನ ಜೊತೆ ಮೂಟೆ ಹೊರುತ್ತಿದ್ದರು. ಜನ ಶಾಲೆಯಲ್ಲಿದ್ದಾರೆ, ಜೀವಕ್ಕೆ ಅಪಾಯವಿಲ್ಲ. ಗೋಡೆಗಳಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಮಣ್ಣಿನ ಗೋಡೆಗಳು.

ಹಡಗು ಗೌಡರು ಪಕ್ಕಕ್ಕೆ ಬಂದರು. ಅವರ ಮುಖದಲ್ಲಿ ಆಗ ಹರಟೆ ಇರಲಿಲ್ಲ.

"ಮೇಡಂ, ಹಡಗಿನ ಹೊಟ್ಟೆಗೆ ತೂತು ಬಿದ್ದರೆ ಒಳಗಿನಿಂದ ಮುಚ್ಚೋದು ಕಷ್ಟ. ಇಟ್ಟಿದ್ದನ್ನ ನೀರು ವಾಪಸು ಒಳಕ್ಕೆ ತಳ್ಳುತ್ತೆ. ಹೊರಗಿನಿಂದ ಒಂದು ಚಾಪೆ ಇಳಿಬಿಡ್ತಾರೆ. ದಪ್ಪ ಕ್ಯಾನ್ವಾಸಿಗೆ ನಾರು ಹೊಲಿದಿರುತ್ತೆ. ನೀರೇ ಅದನ್ನ ಎಳ್ಕೊಂಡು ತೂತಿಗೆ ಅಂಟಿಸುತ್ತೆ. ಮುಚ್ಚೋ ಕೆಲಸ ನಾವು ಮಾಡೋದಲ್ಲ, ಶತ್ರೂನೇ ಮಾಡ್ತಾನೆ. ಇಲ್ಲಿ ಕೆರೆ ಕಡೆಯಿಂದ ಹಾಗೇ ಒಂದು ಇಳಿಬಿಡೋಣ."

"ನೀವು ಮಾಡಿ ನೋಡಿದ್ದೀರಾ?"

"ಕಲಿಸಿದ್ದೀನಿ. ಹತ್ತು ವರ್ಷ ಹುಡುಗರಿಗೆ ಅದೇ ಪಾಠ. ನಿಜವಾದ ತೂತಿಗೆ ಒಂದೇ ಸಲ ಹಾಕಿದ್ದು."

"ನಿಂತಿತಾ?"

ಅವರು ನನ್ನ ಕಣ್ಣನ್ನೇ ನೋಡಿ ಹೇಳಿದರು. "ಇಲ್ಲ. ಅವಸರ ಮಾಡಿದೆವು, ಮಡಿಚಿಕೊಂಡು ಒಳಗೆ ಹೋಯ್ತು. ಪಂಪು ಉಳಿಸ್ತು ನಮ್ಮನ್ನ. ಯಾಕೆ ನಿಲ್ಲಲಿಲ್ಲ ಅಂತ ಗೊತ್ತು, ಅಷ್ಟೇ ನನ್ನ ಬಂಡವಾಳ."

ನಿಂತಿತು ಎಂದಿದ್ದರೆ ನಾನು ಬಹುಶಃ ಜೆಸಿಬಿಗೆ ಕೈ ಬೀಸುತ್ತಿದ್ದೆ. ಇಲ್ಲ ಎಂದದ್ದಕ್ಕೆ ನಂಬಿಕೆ ಬಂತು. ಅಳತೆಗೋಲಿನ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದೆ. ನೀರು ಆ ಗೆರೆ ಮುಟ್ಟಿದರೆ, ಅಥವಾ ಎರಡು ಗಂಟೆ ಹೊಡೆದರೆ, ಕೋಡಿ ಕಡಿಯುವುದು. ಅಲ್ಲಿಯವರೆಗೆ ಚಾಪೆ. ಎಲ್ಲರಿಗೂ ಕೇಳುವಂತೆ ಹೇಳಿದೆ. ಆಗ ಗಂಟೆ ಹನ್ನೊಂದಾಗುತ್ತಿತ್ತು.

ಹಡಗು ಗೌಡರು ಫೋನ್ ಹಿಡಿದರು. ಬಿಡದಿಯ ಕಾರ್ಖಾನೆಗೆ ಸಾಮಾನು ಸಾಗಿಸುವ ಲಾರಿಯೊಂದು ಹೆದ್ದಾರಿಯಲ್ಲಿ ನಿಂತಿತ್ತು. ಅದರ ಚಾಲಕನ ಮಗಳ ನಾಮಕರಣಕ್ಕೆ ಇವರು ಹೋಗಿ ಬಂದಿದ್ದರು. ಲಾರಿಯ ದಪ್ಪ ಟಾರ್ಪಾಲು ಹಳ್ಳದವರೆಗೆ ಬಂತು. ಕನಕಪುರ ರಸ್ತೆಯ ಕಲ್ಲು ಕ್ವಾರಿಯ ಮೇಸ್ತ್ರಿ ಸರಪಳಿ ತಂದ. ಒಂದೊಂದು ಫೋನಿನಲ್ಲೂ ಮೊದಲು ಮನೆಯವರ ಕ್ಷೇಮ ಕೇಳುತ್ತಿದ್ದರು. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಆದರೆ ಯಾರೊಬ್ಬರೂ "ನೋಡ್ತೀನಿ" ಎನ್ನಲಿಲ್ಲ. ಎಲ್ಲರೂ "ಬತ್ತೀನಿ" ಎಂದರು.

ಒಂದು ಹುಳು ಮನೆ ಖಾಲಿಯಿತ್ತು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ಎರಡು ದಿನವಾಗಿತ್ತು. ಅದರ ಒಣ ನೆಲದ ಮೇಲೆ ಟಾರ್ಪಾಲು ಹಾಸಿದೆವು. ಹೆಂಗಸರು ಗೋಣಿ ಹೊಲಿಯುವ ದಬ್ಬಳ ತಂದರು. ತೆಂಗಿನ ನಾರಿಗೆ ಆ ಕಡೆ ಬರವೇ? ಕೆರೆಯ ಜೇಡಿಮಣ್ಣನ್ನು ಕಲಸಿ ನಾರನ್ನು ಅದರಲ್ಲಿ ಅದ್ದಿ, ಹಿಡಿ ಹಿಡಿಯಾಗಿ ಟಾರ್ಪಾಲಿಗೆ ಹೊಲಿದರು. ಹಾಗೇ ಹೊಲಿದರೆ ನಾರು ತೇಲುತ್ತದೆ. ಮಣ್ಣು ಕುಡಿದರೆ ಮುಳುಗುತ್ತದೆ, ಸಂದಿಯಲ್ಲೂ ಕೂರುತ್ತದೆ.

ಹಡಗು ಗೌಡರೂ ಒಂದು ದಬ್ಬಳ ಹಿಡಿದು ಕುಳಿತರು. ಕಾಲು ನೋವಿನ ಆ ಅಜ್ಜಿ ನಾಲ್ಕು ಹೊಲಿಗೆ ನೋಡಿ ಕಿತ್ತು ಹಾಕಿದರು. "ಹಡಗು ನಡೆಸ್ದೋನಿಗೆ ಗಂಟು ಹಾಕಾಕ್ ಬರಲ್ವಲ್ಲೋ! ಇಂಗ್ ಹಾಕು."

"ಕಲ್ಸವ್ವ, ಕಲ್ತ್ಕತೀನಿ."

ಅಜ್ಜಿ ನನ್ನ ಕಡೆ ತಿರುಗಿದರು. "ಇವ್ನು ಮೊದ್ಲ ಸಲ ರಜಕ್ಕೆ ಬಂದಾಗ ಏನ್ ತಂದಿದ್ದ ಗೊತ್ತಾ ಮಗಾ? ಒಂದ್ ಸೀಸೆ ಸಮುದ್ರದ್ ನೀರು. ಅವ್ರವ್ವ ಸಮುದ್ರ ಕಂಡಿರ್ಲಿಲ್ಲ. ಊರೋರೆಲ್ಲ ಸಾಲಾಗಿ ನಿಂತು ಒಂದೊಂದ್ ಹನಿ ನೆಕ್ಕಿದ್ದೋ. ಅಯ್ಯೋ, ಅದೇನ್ ಉಪ್ಪು!"

ಇಡೀ ಶೆಡ್ಡು ನಕ್ಕಿತು. ಕೋಡಿ ಕಡಿದರೆ ಮುಳುಗುವ ಮನೆಗಳ ಹೆಂಗಸರು ನಗುತ್ತ ಹೊಲಿಯುತ್ತಿದ್ದರು. ಆ ಮನುಷ್ಯ ಬೆಳಗಿನಿಂದ ಮಾಡುತ್ತಿದ್ದದ್ದು ಇದೇ ಕೆಲಸ ಎಂದು ನನಗೆ ಆಗ ಹೊಳೆಯಿತು. ಗೌಡರ ಹೆಂಡತಿ ಟೀ ತಂದವರು ನನ್ನ ಕಿವಿಯಲ್ಲಿ ಹೇಳಿದರು, "ಅವರ ಕಥೆ ಪೂರ್ತಿ ನಂಬ್ಬೇಡಿ ಮೇಡಂ. ಕೆಲ್ಸ ನಂಬಿ."

ಹನ್ನೆರಡೂ ಮುಕ್ಕಾಲಿಗೆ ಚಾಪೆ ಏರಿಯ ಮೇಲಿತ್ತು. ನೀರು ಗೆರೆಗೆ ಎರಡು ಬೆರಳು ಕೆಳಗಿತ್ತು. ಕೆಳಗಿನ ಅಂಚಿಗೆ ಸರಪಳಿ, ನಾಲ್ಕು ಮೂಲೆಗೆ ಹಗ್ಗ. ತೆಪ್ಪದಲ್ಲಿ ಒಬ್ಬರು ಹೋಗಿ ಸುಳಿಯ ಆಚೆಯಿಂದ ಅಂಚನ್ನು ಇಳಿಬಿಡಬೇಕು. ಹಡಗು ಗೌಡರು ಮಳೆಕೋಟು ಬಿಚ್ಚಲು ಶುರು ಮಾಡಿದರು.

"ಎಲ್ಲಿಗೆ ಸರ್?"

"ತೆಪ್ಪಕ್ಕೆ."

"ಇಲ್ಲಿ ಕ್ಯಾಪ್ಟನ್ ಯಾರು?"

ಕೋಟಿನ ಗುಂಡಿಯ ಮೇಲೆ ಅವರ ಕೈ ನಿಂತಿತು. "ನೀವು."

"ಹಾಗಾದರೆ ದಡದಲ್ಲಿರಿ."

ಆ ವಯಸ್ಸಿನಲ್ಲಿ, ಕೆಸರಿನಲ್ಲಿ, ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದರು. ತಮಾಷೆಗೆ ಅಲ್ಲ.

ಮೀನಿನವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸುಳಿಯಿಂದ ದೂರ ಸುತ್ತು ಹಾಕಿ ಹೋದ. ಅಂಚು ಬಿಟ್ಟ. ಚಾಪೆ ಅಗಲವಾಗಿ ಹರಡಿ, ಮುಳುಗಿ, ಇನ್ನೇನು ಕೂತಿತು ಅನ್ನುವಾಗ ಎಡಗಡೆಯ ಸರಪಳಿ ಮೊದಲು ಇಳಿಯಿತು. ನೀರು ಅದನ್ನು ಹಿಡಿದು ತಿರುಚಿತು. ಇಡೀ ಟಾರ್ಪಾಲು ಒದ್ದೆ ಬಟ್ಟೆ ಹಿಂಡಿದ ಹಾಗೆ ಸುತ್ತಿಕೊಂಡು ತೂತಿನ ಕಡೆ ಸಾಗಿತು. "ಎಳೀರಿ!" ಎಂದು ಕೂಗಿದ್ದು ನಾನೋ ಅವರೋ ನೆನಪಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿದ್ದ ಹಗ್ಗ ಬಿಗಿಯಾಗಿ ಚಾಪೆ ವಾಪಸು ಬಂತು. ಒಂದು ಮೂಲೆ ಹರಿದಿತ್ತು. ಹಡಗು ಗೌಡರು ಅದನ್ನು ನೋಡುತ್ತ ನಿಂತರು. ಅವತ್ತು ಒಂದೇ ಸಲ ಅವರು ಮುದುಕರಂತೆ ಕಂಡದ್ದು.

"ಅವತ್ತೂ ಹಿಂಗೇ ಆಗಿತ್ತು" ಎಂದರು.

ಕೆಳಗಿನಿಂದ ನೀರುಗಂಟಿ ಕೂಗಿದ. "ಗೆರೆಗೆ ಒಂದ್ ಬೆಳ್ಳು!"

ಜೆಸಿಬಿಯವನು ಎಂಜಿನ್ ಚಾಲೂ ಮಾಡಿ ನನ್ನ ಕಡೆ ನೋಡಿದ. ನಾನು ಏರಿಯ ಒಳಮುಖ ನೋಡುತ್ತಿದ್ದೆ. ಹಡಗಿನ ಗೋಡೆ ನೆಟ್ಟಗೆ ಇರುತ್ತದೆ. ಏರಿ ಹಾಗಲ್ಲ. ಕಲ್ಲು ಹಾಸಿದ ಇಳಿಜಾರು, ನೀರಿನೊಳಗೂ ಹಾಗೇ ಇಳಿದು ಹೋಗುತ್ತದೆ. ನಾವೇಕೆ ಆಚೆಯಿಂದ ಚಾಪೆ ಎಸೆಯಬೇಕು?

"ಸರ್, ಹಡಗು ಮರೀರಿ. ಮನೇಲಿ ಚಾಪೆ ಹಾಸೋ ಹಾಗೆ ಹಾಸೋಣ. ಸುತ್ತಿ, ಮೇಲಿನಿಂದ ಉರುಳಿಸಿ ಬಿಡೋಣ."

ಅವರು ನನ್ನನ್ನು ನೋಡಿದರು, ಇಳಿಜಾರನ್ನು ನೋಡಿದರು. ಮುಖ ಹೊತ್ತಿಕೊಂಡಿತು. "ಪೈಪು!" ಎಂದು ಅರಚಿದರು. "ಲೇ, ಬೋರ್‌ವೆಲ್ ಪೈಪ್ ಯಾರ್ ಮನೇಲೈತ್ರಲಾ?"

ಮೂರು ಮನೆಯಲ್ಲಿತ್ತು. ಇಪ್ಪತ್ತು ಅಡಿಯ ಕಬ್ಬಿಣದ ಪೈಪಿಗೆ ಚಾಪೆಯ ಕೆಳಗಿನ ಅಂಚು ಕಟ್ಟಿ, ಸರಪಳಿಯನ್ನು ಈ ಸಲ ಗೇಣಿಗೊಂದು ಕಟ್ಟಿನಂತೆ ಸಮವಾಗಿ ಹೊಲಿದು, ನಾರು ಕಲ್ಲಿನ ಕಡೆ ಬರುವಂತೆ ಸುತ್ತಿದೆವು. ಹರಿದ ಮೂಲೆಗೆ ಅಜ್ಜಿ ತಾವೇ ತೇಪೆ ಹಾಕಿದರು. ಮೇಲಿನ ಅಂಚನ್ನು ಎರಡು ಟ್ರ್ಯಾಕ್ಟರುಗಳಿಗೆ ಬಿಗಿದೆವು. ಪೈಪಿನ ಎರಡು ತುದಿಗೂ ಹಗ್ಗ, ಒಂದೊಂದು ಹಗ್ಗಕ್ಕೆ ಎಂಟೆಂಟು ಜನ. ಒಂದು ಕಡೆ ಮುಂದೆ ಹೋಗದಂತೆ ಸಮನಾಗಿ ಬಿಡುವುದೇ ಮುಖ್ಯ. ಹಡಗು ಗೌಡರು ನಡುವೆ ನಿಂತು ತಾಳ ಹಾಕಿದರು. "ಬಿಡಿ... ಹಿಡೀರಿ. ಬಿಡಿ... ಹಿಡೀರಿ." ಅದುವರೆಗೂ ಕೇಳದ ದನಿ ಅದು. ಗಾಳಿ ಬೀಸುವಾಗ ಹಡಗಿನ ಮೇಲೆ ಕೂಗಿ ಕೂಗಿ ಪಳಗಿದ ದನಿ.

ಉರುಳೆ ನೀರಿಗಿಳಿಯಿತು. ಕಲ್ಲುಗಳ ಮೇಲೆ ಪೈಪು ಉರುಳುವ ಗುಡುಗುಡು ಸದ್ದು ನೀರಿನೊಳಗಿನಿಂದ ಕಾಲಿಗೆ ಕೇಳಿಸುತ್ತಿತ್ತು. ಆರು ಅಡಿ. ಹದಿನೈದು ಅಡಿ. ಪೈಪು ತಾನಾಗಿ ಸರಕ್ಕನೆ ಎಳೆದುಕೊಂಡಿತು. ಹಗ್ಗ ಹಿಡಿದವರು ಮುಗ್ಗರಿಸಿದರು. ಟ್ರ್ಯಾಕ್ಟರಿನ ಹಗ್ಗಗಳು ತಂಬೂರಿ ತಂತಿಯ ಹಾಗೆ ಬಿಗಿದು ಕಂಪಿಸಿದವು.

"ಹಿಡೀರಿ! ಯಾರೂ ಬಿಡಬೇಡಿ!"

ನಾನು ಸುಳಿಯನ್ನೇ ನೋಡುತ್ತಿದ್ದೆ. ಅದು ಓರೆಯಾಯಿತು. ಸಣ್ಣದಾಯಿತು. ಒಂದು ಸಲ ಗುಳಕ್ ಎಂದಿತು. ಆಮೇಲೆ ನೀರು ಸಪಾಟಾಯಿತು. ಅದರ ಮೇಲೆ ಒಂದು ಎಲೆ ತೇಲುತ್ತಿತ್ತು. ಎಲ್ಲಿಗೂ ಹೋಗಲಿಲ್ಲ.

ಎಲ್ಲರ ಕಿವಿ ಕೆಳಗಡೆ. ನೀರುಗಂಟಿಯ ದನಿ ಬಂತು. ಅವನು ಅಳುತ್ತಿದ್ದ.

"ಇಳೀತೈತೆ! ಮೇಡಂ, ಇಳೀತೈತೆ! ನಾಕ್ ಬೆಳ್ಳು ಇಳೀತು!"

ಆಗ ಎದ್ದ ಕೂಗು ಅಕ್ಕೂರಿಗೆ ಕೇಳಿಸಿತಂತೆ. ನನ್ನನ್ನು ಯಾರೋ ಎತ್ತಿದರು. ಯಾರೋ ಅಪ್ಪಿಕೊಂಡರು. ಕೆಸರಿನ ಕೈಯಲ್ಲಿ ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ಗಂಟೆ ಒಂದು ಐವತ್ತು. ಚಾಪೆಯ ಮೇಲೆ ಜೇಡಿಮಣ್ಣಿನ ಮೂಟೆಗಳನ್ನು ಒಂದೊಂದಾಗಿ ಜಾರಿಸಿ ಕೂರಿಸಿದೆವು, ನೂರರ ಮೇಲೆ. ಸಂಜೆಯ ಹೊತ್ತಿಗೆ ಸಾಲಿನ ಕೊನೆಯ ಬಾಟಲಿಯ ಆಚೆಗೆ ನನ್ನ ಬೆರಳು ಕಾಣುತ್ತಿತ್ತು. ಹಡಗು ಗೌಡರು ಜೆಸಿಬಿಯವನ ಬಳಿ ಹೋಗಿ ಕೈ ಕುಲುಕಿ, "ಕೆಲ್ಸ ಮಾಡ್ದೇ ಇದ್ದದ್ದಕ್ಕೆ ಥ್ಯಾಂಕ್ಸ್ ಕಣಪ್ಪ" ಎಂದರು.

ಮೇಲಧಿಕಾರಿ ನಾಲ್ಕಕ್ಕೆ ಬಂದರು. ಚಾಪೆ ನೋಡಿ, ನನ್ನನ್ನು ನೋಡಿ, "ಇದು ಯಾವ ಕೈಪಿಡಿಯಲ್ಲಿದೆ?" ಎಂದರು. ಹಡಗು ಗೌಡರನ್ನು ತೋರಿಸೋಣವೆಂದರೆ ಅವರು ಜನರ ಹಿಂದೆ ಸರಿದಿದ್ದರು. ಮಾರನೆಯ ದಿನ ಗೌಡರು ಕಚೇರಿಗೆ ಬಂದು ಒಂದೇ ಒಂದು ವಿಷಯ ಕೇಳಿದರು. "ಹಡಗಿನಲ್ಲಿ ಏನಾದರೂ ನಡೆದರೆ ಪಾಳಿಯಲ್ಲಿದ್ದ ಎಲ್ಲರ ಹೆಸರೂ ದಾಖಲೆಗೆ ಹೋಗುತ್ತೆ ಮೇಡಂ. ಅಡಿಗೆಯವನದೂ." ಎರಡು ಹಾಳೆ ಕೊಟ್ಟರು. ಹಗ್ಗ ಹಿಡಿದವರು, ಹೊಲಿದವರು, ಪೈಪು ಕೊಟ್ಟವರು, ಎಲ್ಲರೂ ಇದ್ದರು. ಗೌಡರ ಹೆಸರು ಮಾತ್ರ ಇರಲಿಲ್ಲ. ಅದನ್ನು ನಾನು ಮೊದಲ ಸಾಲಿನಲ್ಲಿ ಬರೆದು ವರದಿಗೆ ಲಗತ್ತಿಸಿದೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ತೂಬು ಹೊಸದಾಗಿ ಕಟ್ಟಿದೆವು.

ಇದಾಗಿ ಮೂರು ವರ್ಷ. ಕಳೆದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ, ತೋಟದಲ್ಲಿ ಯಾರೊಂದಿಗೋ ಮಾತಾಡುತ್ತ ಕುಳಿತಿದ್ದ ಹಾಗೆಯೇ ಹಡಗು ಗೌಡರು ಹೋಗಿಬಿಟ್ಟರು. ನಾನು ತಲುಪಿದಾಗ ಜನರ ಸಾಲು ತೋಟದ ಬೇಲಿ ದಾಟಿ ರಸ್ತೆಗೆ ಬಂದಿತ್ತು. ಬೆಂಗಳೂರಿನಿಂದ ನೌಕಾಪಡೆಯ ಕೆಲವರು ಬಿಳಿ ಸಮವಸ್ತ್ರದಲ್ಲಿ ಹೂಚಕ್ರ ಹಿಡಿದು ಬಂದಿದ್ದರು. ಅವರಲ್ಲೊಬ್ಬ ಯುವ ಅಧಿಕಾರಿ, ನೂಕುನುಗ್ಗಲು ಆಗದಿರಲೆಂದು, ಗೌರವದಿಂದಲೇ ಕೈ ಎತ್ತಿ ಹೇಳಿದ.

"ದಯವಿಟ್ಟು ಮೊದಲು ಮನೆಯವರು ಮಾತ್ರ ಮುಂದೆ ಬನ್ನಿ."

ಇಡೀ ಸಾಲು ಒಂದು ಹೆಜ್ಜೆ ಮುಂದೆ ಬಂತು. ನಾನೂ ಬಂದೆ.

ಅಧಿಕಾರಿ ಗಾಬರಿಯಾಗಿ ಗೌಡರ ಹೆಂಡತಿಯ ಮುಖ ನೋಡಿದ. ಅವರು ಕಣ್ಣೊರೆಸಿಕೊಂಡು ಸಾಲನ್ನು ಬೇಲಿಯವರೆಗೂ ಒಮ್ಮೆ ನೋಡಿದರು.

"ಎಲ್ಲಾರೂ ಬರ್ಲಿ ಬುಡಪ್ಪ" ಎಂದರು. "ಒಸಿ ತಡ ಆಯ್ತದೆ, ಅಷ್ಟೇಯ."